ಪೆಟ್ಟಿಗೆಯ ಮೇಲೆ ‘ರೀಮಿಕ್ಸ್’ ಎಂದು ಬರೆದಿದ್ದರೆ ಹಣ ಕಳಿಸುವ ಮುನ್ನ ಇದನ್ನು ಓದಿ

ಹಳೆಯ ರಾಕ್ ಆಲ್ಬಮ್‌ಗಳ ಹಲವು ಡಿಸ್ಕ್‌ಗಳ ಪೆಟ್ಟಿಗೆಯಾಗಿ ಬರುವ ‘ವಿಶೇಷ ಆವೃತ್ತಿ’ಗಳನ್ನು ವಿದೇಶದಿಂದ ತರಿಸಿಕೊಳ್ಳುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಇಪ್ಪತ್ತಾರು ಸಾವಿರ ರೂಪಾಯಿ ಕಳೆದುಕೊಂಡೆ ಎನ್ನಲಾರೆ, ಪೆಟ್ಟಿಗೆ ಮನೆಯಲ್ಲೇ ಇದೆ. ಆದರೆ ನಾನು ಯಾವುದಕ್ಕೆಂದು ಹಣ ಕೊಟ್ಟೆನೋ ಅದು ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಇದ್ದುದರಲ್ಲಿ ಅತ್ಯಂತ ಒಳ್ಳೆಯದು ಗೀರು ಬಿದ್ದು ಹಾಳಾಗಿತ್ತು.

ಆಲ್ಬಮ್ ಐರ್ಲೆಂಡಿನ ಯು ಟು ರಾಕ್ ತಂಡದ ‘ಆಖ್ಟುಂಗ್ ಬೇಬಿ’. 1991ರ ನವೆಂಬರ್‌ನಲ್ಲಿ ಬಂದದ್ದು. ಅದರ ಕ್ಯಾಸೆಟ್ ಅನ್ನು ಅಪ್ಪ ಬೆಂಗಳೂರಿಗೆ ಹೋದಾಗ ನನಗಾಗಿ ತಂದಿದ್ದರು. ನನಗೆ ಹದಿನಾರು, ತಮ್ಮನಿಗೆ ಹನ್ನೊಂದು. ಶಿವಮೊಗ್ಗದ ಮನೆಯ ನಡುಮನೆಯಲ್ಲಿ ಅದನ್ನು ಎಷ್ಟು ಸಲ ಹಾಕಿದ್ದೆವೆಂದರೆ ‘ಒನ್’ ಹಾಡಿನ ಹತ್ತಿರ ಟೇಪು ಸವೆದು ದನಿ ಮುಳುಗುತ್ತಿತ್ತು. 2019ರ ಡಿಸೆಂಬರ್ 15ರಂದು ಆ ತಂಡ ಮೊದಲ ಬಾರಿಗೆ ಭಾರತಕ್ಕೆ ಬಂದು ನವಿ ಮುಂಬೈಯ ಕ್ರೀಡಾಂಗಣದಲ್ಲಿ ಹಾಡಿದಾಗ ಅಕ್ಕ ತಮ್ಮ ಇಬ್ಬರೂ ಅಲ್ಲಿದ್ದೆವು. ಇಷ್ಟು ಹೇಳುವುದು ಏಕೆಂದರೆ ಇಂಥ ಪೆಟ್ಟಿಗೆಗಳು ಮಾರಾಟವಾಗುವುದೇ ನಮ್ಮಂಥವರ ಈ ನೆನಪುಗಳ ಮೇಲೆ. ಮಾರುವವರಿಗೆ ಅದು ಚೆನ್ನಾಗಿ ಗೊತ್ತಿದೆ.

2021ರ ಜೂನ್‌ನಲ್ಲಿ, ಎರಡನೆಯ ಅಲೆಯ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕುಳಿತಿದ್ದಾಗ, ಹಳೆಯ ಡಿಸ್ಕ್‌ಗಳನ್ನು ಮಾರುವ ವಿದೇಶಿ ವ್ಯಾಪಾರಿಯೊಬ್ಬನ ಜಾಹೀರಾತು ಕಣ್ಣಿಗೆ ಬಿತ್ತು. 2011ರಲ್ಲಿ ಆಲ್ಬಮ್‌ನ 20ನೇ ವರ್ಷಕ್ಕೆಂದು ಬಂದಿದ್ದ ‘ಸೂಪರ್ ಡೀಲಕ್ಸ್’ ಪೆಟ್ಟಿಗೆ. ಆರು ಸಿಡಿ, ನಾಲ್ಕು ಡಿವಿಡಿ, ದಪ್ಪ ರಟ್ಟಿನ ಪುಸ್ತಕ. ‘ಸೀಲ್ ಒಡೆದಿಲ್ಲ’ ಎಂದು ಬರೆದಿದ್ದ. ಅದರ ಕೆಳಗೆ ‘ಇಡೀ ಆಲ್ಬಮ್ ಹೊಸದಾಗಿ ರೀಮಿಕ್ಸ್ ಆಗಿದೆ’ ಎಂಬ ಸಾಲು. ನಾನು ಬಿದ್ದದ್ದು ಆ ಸಾಲಿಗೆ.

ರೀಮಿಕ್ಸ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕುಗಳು ಮಾರಾಟವಾಗುತ್ತವೆ. ಸಾರಿನ ಉದಾಹರಣೆ ಕೊಡುತ್ತೇನೆ. ಹಾಡನ್ನು ಧ್ವನಿಮುದ್ರಿಸುವಾಗ ಡ್ರಮ್, ಗಿಟಾರ್, ಬೇಸ್, ದನಿ ಎಲ್ಲವೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಬೇಳೆ ಒಂದು ಪಾತ್ರೆಯಲ್ಲಿ, ತರಕಾರಿ ಇನ್ನೊಂದರಲ್ಲಿ, ಹುಳಿ ಮತ್ತೊಂದರಲ್ಲಿ ಇದ್ದ ಹಾಗೆ. ಮೊದಲ ಬಗೆಯ ರೀಮಿಕ್ಸ್ ಎಂದರೆ ಆ ಮೂಲ ಟ್ರ್ಯಾಕ್‌ಗಳನ್ನೇ ಮತ್ತೆ ಎದುರಿಗಿಟ್ಟುಕೊಂಡು ಅದೇ ಸಾರನ್ನು ಬೇರೆ ಹದದಲ್ಲಿ ಕೂಡಿಸುವುದು. ಪರ್ಲ್ ಜ್ಯಾಮ್ ತಂಡದ ‘ಟೆನ್’ ಇದಕ್ಕೆ ಒಳ್ಳೆಯ ಉದಾಹರಣೆ. 1991ರ ಮೂಲ ಆಲ್ಬಮ್‌ನಲ್ಲಿ ಎಲ್ಲದರ ಮೇಲೂ ದೊಡ್ಡ ಸಭಾಂಗಣದ ಪ್ರತಿಧ್ವನಿಯಂಥದ್ದೊಂದು ಹೊದಿಕೆ ಇತ್ತು. 2009ರ ಮರುಬಿಡುಗಡೆಗೆಂದು ಬ್ರೆಂಡನ್ ಓಬ್ರಯನ್ ಇಡೀ ಆಲ್ಬಮ್ ಅನ್ನು ಮರುಮಿಶ್ರಣ ಮಾಡಿದರು. ಪ್ರತಿಧ್ವನಿ ತಗ್ಗಿತು, ಗಿಟಾರ್‌ಗಳು ಕಿವಿಯ ಪಕ್ಕಕ್ಕೆ ಬಂದವು. ಇಷ್ಟವಾಗುವುದು ಬಿಡುವುದು ಅವರವರ ಕಿವಿಗೆ ಬಿಟ್ಟದ್ದು, ಆದರೆ ಅದು ಮೊದಲಿನಿಂದ ಕೊನೆಯವರೆಗೆ ಅದೇ ಆಲ್ಬಮ್. ಮೂಲ ಮಿಶ್ರಣವನ್ನೂ ಜೊತೆಗೇ ಕೊಟ್ಟಿದ್ದರು, ಅದು ಸರಿಯಾದ ಕ್ರಮ. ದ ಸ್ಟೂಜಸ್ ತಂಡದ ‘ರಾ ಪವರ್’ ಕೂಡ ಹೀಗೆಯೇ. 1973ರಲ್ಲಿ ಡೇವಿಡ್ ಬೋವಿ ಮಿಶ್ರಣ ಮಾಡಿದ್ದನ್ನು 1997ರಲ್ಲಿ ಗಾಯಕ ಇಗ್ಗಿ ಪಾಪ್ ತಾನೇ ಮತ್ತೆ ಮಿಶ್ರಣ ಮಾಡಿದ. ಅದರ ಅಬ್ಬರ ನನಗೆ ತಡೆಯಲಾಗುವುದಿಲ್ಲ.

ಎರಡನೆಯ ಬಗೆಯ ರೀಮಿಕ್ಸ್ ಎಂದರೆ ಸಾರಿನಿಂದ ಒಗ್ಗರಣೆಯನ್ನಷ್ಟೇ ಎತ್ತಿಕೊಂಡು ಬೇರೆಯೇ ಅಡುಗೆ ಮಾಡುವುದು. ಹಾಡಿನ ದನಿಯ ಒಂದೆರಡು ತುಣುಕು, ಗಿಟಾರಿನ ಒಂದು ಎಳೆ. ಅದರ ಕೆಳಗೆ ಡ್ಯಾನ್ಸ್ ಕ್ಲಬ್‌ಗೆ ಬೇಕಾದ ಹೊಸ ತಾಳ, ಏಳೆಂಟು ನಿಮಿಷ ಎಳೆದದ್ದು. 1990ರ ದಶಕದ ಬ್ರಿಟನ್ನಿನಲ್ಲಿ ಒಂದೊಂದು ಸಿಂಗಲ್‌ಗೂ (ಒಂದು ಹಾಡಿಗೆಂದೇ ಹೊರತರುವ ಚಿಕ್ಕ ಡಿಸ್ಕ್) ಇಂಥವು ಮೂರು ನಾಲ್ಕು ಬರುತ್ತಿದ್ದವು. ಒಂದೇ ಹಾಡನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಬೇರೆ ಬೇರೆ ರೀಮಿಕ್ಸ್‌ಗಳ ಜೊತೆ ಹೊರತಂದರೆ ಅಭಿಮಾನಿ ಎಲ್ಲವನ್ನೂ ಕೊಳ್ಳುತ್ತಾನೆ ಎಂಬ ಲೆಕ್ಕಾಚಾರ.

‘ರೀಮಾಸ್ಟರ್’ ಇವೆರಡೂ ಅಲ್ಲ. ಟ್ರ್ಯಾಕ್‌ಗಳನ್ನು ಬಿಡಿಸದೆ, ಕೂಡಿಸಿ ಮುಗಿದ ಸಾರಿಗೆ ಕೊನೆಯಲ್ಲಿ ಉಪ್ಪು ಸರಿ ನೋಡುವುದು ಅಷ್ಟೇ.

ಜಾಹೀರಾತಿನ ಸಾಲು ಓದಿ ನಾನು ಅಂದುಕೊಂಡದ್ದು ಮೊದಲ ಬಗೆ. ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ ಶುರುವಾದ ಆ ಹನ್ನೆರಡು ಹಾಡುಗಳನ್ನು ಯಾರೋ ಮತ್ತೆ ಬಿಡಿಸಿ, ತಂಡದ ಗಿಟಾರ್ ವಾದಕ ಎಡ್ಜ್‌ನ ಗಿಟಾರ್ ಪದರಗಳ ನಡುವೆ ಹುದುಗಿಹೋದ ಸದ್ದುಗಳನ್ನು ಹೊರಗೆ ತಂದಿರಬೇಕು ಎಂದು ಆಸೆಪಟ್ಟೆ. ಪೆಟ್ಟಿಗೆಗೆ ಹತ್ತೊಂಬತ್ತು ಸಾವಿರ ಕೊಟ್ಟೆ. ಸಾಗಣೆಯ ಖರ್ಚೂ ಸುಂಕವೂ ಸೇರಿ ಇಪ್ಪತ್ತಾರು ಆಯಿತು. ತೂಕದ ಪೆಟ್ಟಿಗೆಗೆ ಸಾಗಣೆ ಎಷ್ಟಾಗುತ್ತದೆ ಎಂದು ಮೊದಲೇ ಕೇಳಿರಲಿಲ್ಲ, ಅದು ನನ್ನ ತಪ್ಪು.

ಜುಲೈ ಕೊನೆಗೆ ಪೆಟ್ಟಿಗೆ ಬಂತು. ನಾನು ಒಡೆಯಲಿಲ್ಲ. ತಮ್ಮ ಪುಣೆಯಲ್ಲಿದ್ದ, ಒಂದೂವರೆ ವರ್ಷದಿಂದ ಊರಿಗೆ ಬಂದಿರಲಿಲ್ಲ. ಅವನು ಬಂದ ಮೇಲೆ ಇಬ್ಬರೂ ಕೂಡಿಯೇ ತೆರೆಯೋಣ ಎಂದು ಬೀರುವಿನ ಮೇಲಿಟ್ಟೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ಹಿಂದಿರುಗಿಸುವ ಗಡುವು ಮೂವತ್ತು ದಿನ. ಅದು ಬೀರುವಿನ ಮೇಲೆಯೇ ಕಳೆದುಹೋಯಿತು.

ದೀಪಾವಳಿಗೆ ಅವನು ಬಂದ. ನರಕ ಚತುರ್ದಶಿಯ ದಿನ ಎಣ್ಣೆ ಸ್ನಾನ, ತಿಂಡಿ ಮುಗಿಸಿ ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಉಗುರಿನಿಂದ ಎಳೆದಾಗ ಅದು ಸಡಿಲವಾಗಿ ಬಂತು. ಮೂಲೆಗಳಲ್ಲಿ ಅದು ಪೆಟ್ಟಿಗೆಗೆ ಅಂಟಿರಲೇ ಇಲ್ಲ, ಗಾಳಿ ತುಂಬಿದ ಹಾಗೆ ಉಬ್ಬಿಕೊಂಡಿತ್ತು. ಹಿಂಬದಿಯಲ್ಲಿ, ಹೊದಿಕೆಯ ಒಳಗೆ, ಬೆಲೆಚೀಟಿ ಕಿತ್ತ ಅಂಟಿನ ಗುರುತು. ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಆ ಗುರುತು ಹೊದಿಕೆಯ ಮೇಲೆ ಇರಬೇಕಿತ್ತು. ತಮ್ಮ ಒಂದೊಂದೇ ಡಿಸ್ಕ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಐದನೆಯದರ ಹತ್ತಿರ ನಿಂತ.

“ಅಕ್ಕ, ಇದನ್ನು ಯಾರೋ ಚೆನ್ನಾಗಿ ಕೇಳಿದ್ದಾರೆ. ಬೆರಳಿನ ಗುರುತು ನೋಡು. ಗೀರು ನೋಡು.”

ಆ ಡಿಸ್ಕ್‌ನ ಹೆಸರು ‘ಕಿಂಡರ್‌ಗಾರ್ಟನ್’. ಅದರ ಮಾತು ಮುಂದೆ ಹೇಳುತ್ತೇನೆ, ಏಕೆಂದರೆ ಇಡೀ ಪೆಟ್ಟಿಗೆಯಲ್ಲಿ ಹಣ ಕೊಡಬೇಕಾದದ್ದು ಅದೊಂದಕ್ಕೇ ಎಂದು ಅಂದು ಸಂಜೆಯ ಹೊತ್ತಿಗೆ ನಮಗಿಬ್ಬರಿಗೂ ಗೊತ್ತಾಗಿತ್ತು.

ಮೊದಲು ರೀಮಿಕ್ಸ್ ಡಿಸ್ಕ್‌ಗಳ ಮಾತು. ಅವು ಎರಡಿವೆ, ಒಂದರ ಹೆಸರು ‘ಊಬರ್’, ಇನ್ನೊಂದರದು ‘ಉಂಟರ್’. ಎರಡೂ ಡ್ಯಾನ್ಸ್ ರೀಮಿಕ್ಸ್‌ಗಳು. ಆಲ್ಬಮ್‌ನ ಹನ್ನೆರಡು ಹಾಡುಗಳು ಹೊಸ ಹದದಲ್ಲಿ ಸಿಗುತ್ತವೆ ಎಂದುಕೊಂಡಿದ್ದ ನನಗೆ ಸಿಕ್ಕಿದ್ದು ‘ಮಿಸ್ಟೀರಿಯಸ್ ವೇಸ್’ ಮತ್ತೆ ಮತ್ತೆ, ‘ಈವನ್ ಬೆಟರ್ ದ್ಯಾನ್ ದ ರಿಯಲ್ ಥಿಂಗ್’ ಮತ್ತೆ ಮತ್ತೆ. ಸಾಲದ್ದಕ್ಕೆ ಮುಂದಿನ ಆಲ್ಬಮ್ ‘ಝೂರೋಪಾ’ದ ‘ಲೆಮನ್’ ಮತ್ತು ‘ನಂಬ್’ ಹಾಡುಗಳ ರೀಮಿಕ್ಸ್‌ಗಳು. ಒಂದರ ಹೆಸರಿನಲ್ಲಿ ತಬಲಾ ಎಂದಿದೆ. ಕಿವಿ ನಿಮಿರಿಸಿ ಕುಳಿತೆವು. ನಮ್ಮ ಮನೆಯಲ್ಲಿ ತಬಲಾ ಕೇಳಿ ಬೆಳೆದವರಿಗೆ ಅದರಲ್ಲಿ ಏನೂ ಸಿಗಲಿಲ್ಲ. ಮೂರನೆಯ ‘ಮಿಸ್ಟೀರಿಯಸ್ ವೇಸ್’ ಶುರುವಾದಾಗ ಅಮ್ಮ ಅಡುಗೆಮನೆಯಿಂದ “ಡಿಸ್ಕ್ ಸಿಕ್ಕಿಹಾಕಿಕೊಂಡಿದೆಯೇನೋ ನೋಡೋ” ಎಂದು ತಮ್ಮನಿಗೆ ಕೂಗಿ ಹೇಳಿದರು.

ಎಲ್ಲ ಡ್ಯಾನ್ಸ್ ರೀಮಿಕ್ಸ್‌ಗಳೂ ಕಸ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅನ್ಯಾಯವಾಗುತ್ತದೆ. ‘ಈವನ್ ಬೆಟರ್’ ಹಾಡಿನ ‘ಪರ್ಫೆಕ್ಟೋ ಮಿಕ್ಸ್’ ನಿಜಕ್ಕೂ ಒಳ್ಳೆಯದು. ಪಾಲ್ ಓಕನ್‌ಫೋಲ್ಡ್ ಮತ್ತು ಸ್ಟೀವ್ ಓಸ್ಬೋರ್ನ್ ಮಾಡಿದ್ದು. 1992ರಲ್ಲಿ ಮೂಲ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ನಿಂತರೆ, ತಿಂಗಳೊಪ್ಪತ್ತಿನಲ್ಲಿ ಬಂದ ಈ ರೀಮಿಕ್ಸ್ 8ನೇ ಸ್ಥಾನಕ್ಕೆ ಏರಿತು. ಈ ಆಲ್ಬಮ್‌ಗೂ ಡ್ಯಾನ್ಸ್ ಸಂಗೀತಕ್ಕೂ ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. ಬರ್ಲಿನ್‌ನಲ್ಲಿ ತಂಡದೊಳಗೆ ಜಗಳ ಎದ್ದದ್ದೇ ಅದಕ್ಕೆ. ಗಾಯಕ ಬೋನೋ ಮತ್ತು ಎಡ್ಜ್‌ಗೆ ಎಲೆಕ್ಟ್ರಾನಿಕ್ ತಾಳಗಳ ಕಡೆ ಒಲವು. ಬೇಸ್ ನುಡಿಸುವ ಆಡಮ್ ಕ್ಲೇಟನ್ ಮತ್ತು ಡ್ರಮ್ ಬಾರಿಸುವ ಲ್ಯಾರಿ ಮಲ್ಲನ್‌ಗೆ ಅದು ಒಗ್ಗದು. ಆದರೆ ಆ ಎಳೆದಾಟದಿಂದ ಹುಟ್ಟಿದ ಫಲ ಆಲ್ಬಮ್‌ನ ಒಳಗೇ ಇದೆ. ಅದರ ಒಂದು ಪಕ್ಕವನ್ನಷ್ಟೇ ಹರಿದು ಎರಡು ಡಿಸ್ಕ್ ತುಂಬಿಸಿದರೆ ಎಳೆದಾಟ ಉಳಿಯುವುದಿಲ್ಲ. ಅಷ್ಟನ್ನೂ ಕೇಳಿದ ಮೇಲೆ ನಾವು ಇಂದಿಗೂ ಹಾಕುವುದು ಆ ಪರ್ಫೆಕ್ಟೋ ಮಿಕ್ಸ್ ಒಂದನ್ನೇ.

ಇನ್ನು ‘ಕಿಂಡರ್‌ಗಾರ್ಟನ್’. ಇದರಲ್ಲಿ ಆಲ್ಬಮ್‌ನ ಹನ್ನೆರಡು ಹಾಡುಗಳ ಮೊದಲ ರೂಪಗಳಿವೆ. ಪ್ರತಿಯೊಂದರ ಹೆಸರಿನ ಮುಂದೆ ‘ಬೇಬಿ’ ಎಂದು ಸೇರಿಸಿದ್ದಾರೆ. ಇನ್ನೂ ಕಣ್ಣು ಬಿಡದ ಮರಿಗಳ ಹಾಗಿವೆ ಈ ಹಾಡುಗಳು. ಎಲ್ಲೋ ಒಂದು ಸಾಲು ಕೂತಿಲ್ಲ, ಎಲ್ಲೋ ಗಿಟಾರ್ ಇನ್ನೂ ದಾರಿ ಹುಡುಕುತ್ತಿದೆ. ಮೂವತ್ತು ವರ್ಷ ಕೇಳಿ ಬಾಯಿಪಾಠವಾದ ಹಾಡಿನ ಒಳಗೆ ಇಂಥದ್ದೊಂದು ಬಾಗಿಲು ತೆರೆದರೆ ಹಣ ಕೊಟ್ಟದ್ದಕ್ಕೆ ಬೇಸರವಾಗುವುದಿಲ್ಲ. ಬಿ ಸೈಡ್‌ಗಳ, ಅಂದರೆ ಸಿಂಗಲ್‌ಗಳ ಜೊತೆ ಹೆಚ್ಚುವರಿಯಾಗಿ ಬಂದ ಹಾಡುಗಳ, ಡಿಸ್ಕ್‌ನಲ್ಲಿಯೂ ಇಂಥ ಬಾಗಿಲುಗಳಿವೆ. ‘ಲೇಡಿ ವಿತ್ ದ ಸ್ಪಿನ್ನಿಂಗ್ ಹೆಡ್’ ಎಂಬ ಹಾಡು ಪೂರ್ಣವಾಗಿ ಕೈಗೂಡದೆ, ಅದರ ತುಣುಕುಗಳಿಂದ ‘ಝೂ ಸ್ಟೇಷನ್’, ‘ದ ಫ್ಲೈ’, ‘ಅಲ್ಟ್ರಾವಯೊಲೆಟ್’ ಎಂಬ ಮೂರು ಹಾಡುಗಳು ಹುಟ್ಟಿದವು. ಅದನ್ನು ಕೇಳಿದರೆ ಒಬ್ಬ ತಾಯಿಯ ಮುಖದಲ್ಲಿ ಮೂರು ಮಕ್ಕಳ ಹೋಲಿಕೆ ಕಂಡ ಹಾಗೆ. ‘ಡೌನ್ ಆಲ್ ದ ಡೇಸ್’ ಎಂಬುದರಲ್ಲಿ ಮುಂದೆ ‘ನಂಬ್’ ಆದ ಹಾಡಿನ ಹಿನ್ನೆಲೆಯೇ ಇದೆ, ಮೇಲಿನ ರಾಗ ಪೂರ್ತಿ ಬೇರೆ.

ಹೀಗೆ ಕುಳಿತು ಕೇಳುತ್ತಾ ‘ಬೇಬಿ ಒನ್’ಗೆ ಬಂದೆವು. ನಮ್ಮ ಕ್ಯಾಸೆಟ್ ಸವೆದಿದ್ದ ಅದೇ ಹಾಡು. ಅರ್ಧಕ್ಕೆ ಬರುವಷ್ಟರಲ್ಲಿ ಡಿಸ್ಕ್ ಟಕ್ ಟಕ್ ಎಂದು ಒಂದೇ ಪದದ ಮೇಲೆ ನಿಂತುಬಿಟ್ಟಿತು. ಒರೆಸಿ ಹಾಕಿದೆವು, ಬೇರೆ ಪ್ಲೇಯರ್‌ನಲ್ಲಿ ಹಾಕಿದೆವು, ಅದೇ ಜಾಗ. ತಮ್ಮ ಮಾತಾಡದೆ ಎದ್ದು ಹೋಗಿ ಜಗುಲಿಯಲ್ಲಿ ಕುಳಿತ.

ವ್ಯಾಪಾರಿಗೆ ಅಂದು ರಾತ್ರಿಯೇ ಬರೆದೆ. ಬೆಲೆಚೀಟಿಯ ಗುರುತಿನ, ಗೀರಿನ, ಸಡಿಲ ಹೊದಿಕೆಯ ಚಿತ್ರಗಳನ್ನು ಕಳಿಸಿದೆ. ಗಡುವು ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ‘ಇಡೀ ಆಲ್ಬಮ್ ರೀಮಿಕ್ಸ್’ ಎಂದು ಬರೆದದ್ದರ ಬಗ್ಗೆ ಕೇಳಿದ್ದಕ್ಕೆ, ಎರಡು ಡಿಸ್ಕ್ ರೀಮಿಕ್ಸ್ ಇದೆಯಲ್ಲ ಎಂದ. ಅದಾದ ಮೇಲೆ ಉತ್ತರವಿಲ್ಲ. ಜಾಹೀರಾತಿನ ಪುಟವನ್ನು ನಾನು ಉಳಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಅದನ್ನು ಅಳಿಸಿಹಾಕಿದ್ದ. ಉಳಿಸಿಕೊಂಡಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗಾದರೂ ದೂರು ಬರೆಯಬಹುದಿತ್ತು. ಹಣ ಕಳಿಸುವ ಮೊದಲು ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು.

ಹೊಟ್ಟೆ ಉರಿದದ್ದು ಮುಂದಿನ ತಿಂಗಳು. ಆ ಡಿಸೆಂಬರ್‌ನಲ್ಲಿ ಆಲ್ಬಮ್‌ನ 30ನೇ ವರ್ಷಕ್ಕೆಂದು 50 ಹಾಡುಗಳ ಡಿಜಿಟಲ್ ಸಂಗ್ರಹ ಬಂತು, ರೀಮಿಕ್ಸ್‌ಗಳು ಮತ್ತು ಬಿ ಸೈಡ್‌ಗಳು ಸೇರಿ. ತಿಂಗಳ ಚಂದಾ ಕಟ್ಟಿ ಮೊಬೈಲ್‌ನಲ್ಲಿ ಕೇಳುವಂಥದ್ದು. ಆರು ತಿಂಗಳು ಕಾದಿದ್ದರೆ ಆ ರೀಮಿಕ್ಸ್‌ಗಳನ್ನು ಪೂರ್ತಿ ಕೇಳಿ, ಬೇಡ ಎಂದು ತೀರ್ಮಾನಿಸಿ, ಹಣವನ್ನು ಉಳಿಸಿಕೊಳ್ಳುತ್ತಿದ್ದೆ. ಹತ್ತರ, ಇಪ್ಪತ್ತರ, ಮೂವತ್ತರ ವರ್ಷ ಹತ್ತಿರ ಬರುತ್ತಿರುವ ಆಲ್ಬಮ್‌ನ ಹಿಂದಿನ ಆವೃತ್ತಿಗೆ ದುಬಾರಿ ಬೆಲೆ ಕೊಡಬೇಡಿ.

ಡಿವಿಡಿಗಳ ಕಥೆ ಬೇಗ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಡಿವಿಡಿ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿದೆ, ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ನಾಲ್ಕೂ ಹಾಗೆಯೇ ಇವೆ.

ಹಾಗಾದರೆ ರೀಮಿಕ್ಸ್ ಸೇರಿಸಿದ ವಿಶೇಷ ಆವೃತ್ತಿ ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ, ರೀಮಿಕ್ಸ್‌ಗಾಗಿ ಬೇಡ ಎನ್ನುತ್ತೇನೆ. ಹಾಡುಗಳ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಒಂದೇ ಹಾಡಿನ ಹೆಸರು ಮೂರು ಸಲ ಬಂದರೆ ಅದು ಕ್ಲಬ್‌ನ ಹಳೆಯ ಸರಕು. ಮಿಶ್ರಣ ಮಾಡಿದವರ ಹೆಸರು ಒಂದೇ ಇದ್ದು, ಹಾಡುಗಳ ಕ್ರಮ ಮೂಲ ಆಲ್ಬಮ್‌ನಂತೆಯೇ ಇದ್ದರೆ ಅದು ‘ಟೆನ್’ ಬಗೆಯದು, ಕಿವಿಗೊಟ್ಟು ನೋಡಬಹುದು. ಮೊದಲ ರೂಪಗಳು, ಎಲ್ಲಿಯೂ ಬಾರದ ಹಾಡುಗಳು ಇದ್ದರೆ ಅವಕ್ಕೆ ಹಣ ಕೊಡಿ, ಆದರೆ ಅವು ಇರುವ ಅತಿ ಚಿಕ್ಕ ಆವೃತ್ತಿ ಯಾವುದೆಂದು ಮೊದಲು ಹುಡುಕಿ. ಇದೇ ಆಲ್ಬಮ್‌ನ ಬಿ ಸೈಡ್‌ಗಳು ಎರಡೇ ಡಿಸ್ಕ್‌ನ ಡೀಲಕ್ಸ್ ಆವೃತ್ತಿಯಲ್ಲಿಯೂ ಇದ್ದವು. ಅದು ನನಗೆ ಗೊತ್ತಾದದ್ದು ಹಣ ಕಳಿಸಿ ಐದು ತಿಂಗಳ ಮೇಲೆ.

ತಮ್ಮ ಪುಣೆಗೆ ಹೊರಡುವಾಗ ‘ಕಿಂಡರ್‌ಗಾರ್ಟನ್’ ಡಿಸ್ಕ್ ಅನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಅಲ್ಲಿ ಗೀರು ತಿಕ್ಕಿ ಸರಿಮಾಡುವವರು ಒಬ್ಬರಿದ್ದಾರಂತೆ. ಈ ಪೆಟ್ಟಿಗೆಯನ್ನೇ ಕೊಳ್ಳಲು ಯಾರಾದರೂ ಹೊರಟಿದ್ದರೆ ವ್ಯಾಪಾರಿ ಕಳಿಸಿದ ಚಿತ್ರಗಳನ್ನು ನನಗೆ ತೋರಿಸಿ. ಹೊದಿಕೆ, ಹಿಂಬದಿ, ಡಿಸ್ಕ್‌ಗಳ ಪಟ್ಟಿ ಮೂರನ್ನೂ ನನ್ನ ಬಳಿ ಇರುವುದರ ಜೊತೆ ಹೋಲಿಸಿ ಹೇಳುತ್ತೇನೆ.