ಬಳ್ಳಾರಿ ಬಿಸಿಲಿಗೆ ಯಾವ ಸಿಪಿಯು ಕೂಲರ್? ಡಬ್ಬದ್ದು, ಟವರ್, ಲಿಕ್ವಿಡ್ ಮೂರನ್ನೂ ಹಾಕಿ ನೋಡಿದ್ದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ 65 ವ್ಯಾಟ್ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್ಪು, ಸಿಪಿಯು) ಇಟ್ಟುಕೊಂಡವರು 120 ಎಂಎಂ ಫ್ಯಾನಿನ ಟವರ್ ಕೂಲರ್, ಅಂದರೆ ಗೋಪುರದ ಹಾಗೆ ನಿಂತ ಲೋಹದ ರೆಕ್ಕೆಗಳಿಗೆ ಫ್ಯಾನು ಕಟ್ಟಿದ್ದು, ತೊಗೊಳ್ಳಿ. ಎಎಂಡಿಯ ರೈಜನ್ 5 7600 ಪ್ರೊಸೆಸರ್ ಮೇಲೆ ಡಬ್ಬದಲ್ಲೇ ಬರುವ ರೇತ್ ಸ್ಟೆಲ್ತ್, ಡೀಪ್‌ಕೂಲ್ ಎಕೆ400 ಟವರ್, 240 ಎಂಎಂ ರೇಡಿಯೇಟರಿನ (ಪಂಪಿನಿಂದ ಬಂದ ಬಿಸಿ ನೀರನ್ನು ಫ್ಯಾನಿನ ಗಾಳಿಗೆ ಆರಿಸುವ ಭಾಗ) ಒಂದು ಲಿಕ್ವಿಡ್ ಕೂಲರ್ ಮೂರನ್ನೂ ಹಾಕಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಬಿಸಿಯಲ್ಲ, ಫ್ಯಾನಿನ ಏರಿಳಿತದ ಸದ್ದು. ಬ್ರೌಸರಿನಲ್ಲಿ ಒಂದು ಟ್ಯಾಬ್ ತೆರೆದರೂ ಸಾಕು, ಫ್ಯಾನು ಜೋರಾಗಿ ಮೊರೆದು ಮತ್ತೆ ಸುಮ್ಮನಾಗುತ್ತದೆ. ಪ್ರೊಸೆಸರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರೂ ಇದ್ದಾರೆ. ಕೆಟ್ಟಿರುವುದಿಲ್ಲ. ಸಣ್ಣ ಕೆಲಸ ಬಂದೊಡನೆ ಒಂದು ಕೋರ್ 5 ಗಿಗಾಹರ್ಟ್ಸ್ ದಾಟಿ ಓಡುತ್ತದೆ, ಅದಕ್ಕೆ ವೋಲ್ಟೇಜೂ ಏರುತ್ತದೆ. ಸೆನ್ಸರ್ ಇರುವುದು ಸಿಲಿಕಾನಿನ ಒಳಗೇ ಆದ್ದರಿಂದ 48 ಡಿಗ್ರಿ ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 63 ಎಂದು ತೋರಿಸುತ್ತದೆ. ಮೇಲೆ ಕೂತ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ಗೆ ಆ ಬಿಸಿ ಇನ್ನೂ ಮುಟ್ಟಿರುವುದೇ ಇಲ್ಲ. ಆ ಕ್ಷಣದಲ್ಲಿ ಫ್ಯಾನು ಎಷ್ಟು ತಿರುಗಿದರೂ ದಂಡ.

ಇದನ್ನು ಬಯೋಸಿನಲ್ಲೇ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಸರಿಪಡಿಸಬಹುದು. ಆಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್ ಒಳಗೆ ಸ್ಟೆಪ್ ಅಪ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರಿನ ಸ್ಟೆಪ್ ಅಪ್ ಟೈಮ್, ಗಿಗಾಬೈಟಿನಲ್ಲಿ ಸ್ಮಾರ್ಟ್ ಫ್ಯಾನಿನ ಟೆಂಪರೇಚರ್ ಇಂಟರ್ವಲ್ ಹುಡುಕಿ, ಇರುವುದರಲ್ಲಿ ದೊಡ್ಡ ಸಂಖ್ಯೆ ಇಡಿ. ಬೋರ್ಡು ಒಂದು ಸೆಕೆಂಡಿಗಿಂತ ಹೆಚ್ಚು ಕೊಡದಿದ್ದರೆ ವಿಂಡೋಸಿಗೆ ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ನಾಲ್ಕೈದು ಸೆಕೆಂಡು ತಡಮಾಡಿ ಏರುವಂತೆ ಇಟ್ಟರೆ ಮೊರೆತ ನಿಲ್ಲುತ್ತದೆ.

ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನು ಎಷ್ಟು ವೇಗ ಎಂಬ ಗೆರೆ, ಹಾಕುವಾಗ ನಮ್ಮ ಕಡೆಯವರು ಇನ್ನೊಂದು ಗಮನಿಸಬೇಕು. ನೆಟ್ಟಿನಲ್ಲಿ ಸಿಗುವ ಕರ್ವ್‌ಗಳು ಹೆಚ್ಚಾಗಿ 22–25 ಡಿಗ್ರಿಯ ಕೋಣೆಗೆ ಬರೆದವು. ಮೇ ತಿಂಗಳಲ್ಲಿ ಇಲ್ಲಿ ಕೋಣೆಯೇ 37 ಇರುತ್ತದೆ, ಕೋಣೆ ಏರಿದಷ್ಟು ಪ್ರೊಸೆಸರೂ ಏರುತ್ತದೆ. 60 ಡಿಗ್ರಿಗೇ ವೇಗ ಹೆಚ್ಚುವ ಕರ್ವ್ ಚಳಿಗಾಲದಲ್ಲಿ ಸರಿ ಇದ್ದು ಬೇಸಿಗೆಯಲ್ಲಿ ಇಡೀ ದಿನ ಕಿರುಚುತ್ತದೆ. ಆದ್ದರಿಂದ 70ರವರೆಗೆ 40 ಪರ್ಸೆಂಟಿನಲ್ಲಿ ಸಪಾಟು ಗೆರೆ, 80ಕ್ಕೆ 65, 88ಕ್ಕೆ 100. ಈ ಪ್ರೊಸೆಸರಿನ ಮಿತಿ 95 ಡಿಗ್ರಿ, ಹೆದರಬೇಕಾಗಿಲ್ಲ.

ಈ ಕರ್ವ್ ಸ್ಟೆಲ್ತ್‌ಗೆ ಆಗಿಬರುವುದಿಲ್ಲ. ಅದು 54 ಎಂಎಂ ಎತ್ತರದ ಅಲ್ಯುಮಿನಿಯಂ ತುಂಡು, ಬಿಸಿಯನ್ನು ಬೇಗ ಸಾಗಿಸುವ ತಾಮ್ರದ ಕೊಳವೆ, ಅಂದರೆ ಹೀಟ್‌ಪೈಪಿಲ್ಲ. ಬೇಸಿಗೆಯಲ್ಲಿ ವಿಡಿಯೊ ರೆಂಡರ್‌ಗೆ ಕೂತರೆ ಬೇಗನೆ 90 ದಾಟಿ ಫ್ಯಾನು ಪೂರ್ತಿ ವೇಗಕ್ಕೆ ಹೋಗುತ್ತದೆ. ಎಕೆ400ಗೆ ನಾಲ್ಕು ಹೀಟ್‌ಪೈಪು, ದೊಡ್ಡ ಫ್ಯಾನು. ಅಷ್ಟೇ ಗಾಳಿಯನ್ನು ನಿಧಾನಕ್ಕೆ ತಿರುಗಿಯೇ ತಳ್ಳುತ್ತದೆ, ವೇಗ ಅರ್ಧಕ್ಕಿಳಿದರೆ ಅದೇ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಸದ್ಯಕ್ಕೆ ಸ್ಟೆಲ್ತ್‌ನಲ್ಲೇ ದಿನ ನೂಕಬೇಕಾದವರು ಬಯೋಸಿನಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವ ಇಕೋ ಮೋಡ್ 45 ವ್ಯಾಟ್‌ಗೆ ಇಡಿ.

ಲಿಕ್ವಿಡ್ ಹಾಕಿದರೆ ಈ ಏರಿಳಿತ ಹೋಗುತ್ತದೆ ಎಂಬ ನಂಬಿಕೆ ಇದೆ. ಸಿಲಿಕಾನಿನಿಂದ ತಾಮ್ರದ ಪ್ಲೇಟಿಗೆ ಬಿಸಿ ದಾಟುವ ದಾರಿ ಎರಡರಲ್ಲೂ ಒಂದೇ, ಹಾಗಾಗಿ ಆ ದಿಢೀರ್ ಜಿಗಿತ ಅಲ್ಲೂ ಇರುತ್ತದೆ. ಫ್ಯಾನಿಗೆ ಸಿಪಿಯು ಬಿಸಿಯ ಬದಲು ನೀರಿನ ಬಿಸಿ ಜೋಡಿಸಿದರೆ ಮಾತ್ರ ಶಾಂತ. ಪಂಪಿನ ಸಣ್ಣ ಗುಂಯ್ ಸದ್ದಂತೂ ನಿಲ್ಲುವುದಿಲ್ಲ. ಪಂಪು ರೇಡಿಯೇಟರಿಗಿಂತ ಮೇಲೆ ಕೂತರೆ ಗಾಳಿಗುಳ್ಳೆ ಸಿಕ್ಕಿ ಗುಳುಗುಳು ಬೇರೆ. ಪಂಪು ನಿಂತ ದಿನ ಮಶೀನೂ ನಿಂತಂತೆ. ಟವರಿನ ಫ್ಯಾನು ಕೆಟ್ಟರೆ ಯಾವುದಾದರೂ 120 ಎಂಎಂ ಫ್ಯಾನು ಸಿಕ್ಕಿಸಿ ಕೆಲಸ ಮುಂದುವರಿಸಬಹುದು.

ಧೂಳು ನಮ್ಮ ಕಡೆಯ ದೊಡ್ಡ ಲೆಕ್ಕ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಹತ್ತಿರ ಹತ್ತಿಯ ನಾರು. ರೇಡಿಯೇಟರಿನ ಒತ್ತೊತ್ತಾದ ರೆಕ್ಕೆಗಳಲ್ಲಿ ಇದು ಕಂಬಳಿಯ ಹಾಗೆ ಕೂರುತ್ತದೆ, ಬಿಡಿಸಲು ಎರಡು ಫ್ಯಾನಿನ ಎಂಟು ಸ್ಕ್ರೂ ಬಿಚ್ಚಬೇಕು. ಟವರಿಗೆ ಎರಡು ತಂತಿ ಕ್ಲಿಪ್ಪು, ಒಂದು ಬ್ರಶ್ಶು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೋಣೆಯ ವಾಟರ್ ಕೂಲರಿನ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬೀಸದಿರಲಿ, ಹನಿ ಒಳಗೆ ಹೋಗುತ್ತದೆ.

ದಿನವಿಡೀ ಭಾರೀ ರೆಂಡರಿಂಗ್, 170 ವ್ಯಾಟಿನ ಚಿಪ್ಪು ಇದ್ದವರಿಗೆ ಲಿಕ್ವಿಡ್ ಒಪ್ಪುತ್ತದೆ. ಟ್ಯಾಲಿ, ಡಿಟಿಪಿ, ಸಂಜೆ ಒಂದಿಷ್ಟು ಗೇಮ್ ಎನ್ನುವವರು ಅದರ ಅರ್ಧ ದುಡ್ಡಿನಲ್ಲಿ ಟವರ್ ತಂದು, ಉಳಿದದ್ದಕ್ಕೆ ಧೂಳಿನ ಫಿಲ್ಟರಿರುವ ಕ್ಯಾಬಿನೆಟ್ ಕೊಳ್ಳಿ. ಎಕೆ400ರ ಎತ್ತರ 155 ಎಂಎಂ. ದುಡ್ಡು ಕೊಡುವ ಮುಂಚೆ ಕ್ಯಾಬಿನೆಟ್ಟಿನ ಸೈಡ್ ಪ್ಯಾನೆಲ್ ಮುಚ್ಚುತ್ತದೆಯೇ ಅಳೆದು ನೋಡಿ, ಕೂರಿಸುವಾಗ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ಮೊದಲೇ ಹಚ್ಚಿರದಿದ್ದರೆ ಬಟಾಣಿ ಕಾಳಿನಷ್ಟು, ಬಿಸಿ ದಾಟಿಸುವ ಪೇಸ್ಟ್ ಹಾಕಿ, ಎರಡೂ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.