ಆಫ್ರಿಕಾದ ಸೂರಕ್ಕಿಗಳ ಮುಂದೆ ಫೋಟೊ ಗುರುತಿಸುವ ಆ್ಯಪ್

ಫೋಟೊ ನೋಡಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ತಿಳಿಯಬೇಕಾದರೆ ಅದಕ್ಕೆ ಆಫ್ರಿಕಾದ ಸೂರಕ್ಕಿಗಳನ್ನು (ಮಕರಂದ ಹೀರುವ ಪುಟ್ಟ ಸನ್‌ಬರ್ಡ್‌ಗಳನ್ನು) ಕೊಟ್ಟು ನೋಡಬೇಕು. ನಾನು ಬಳಸುವ ಆ್ಯಪ್, ದಕ್ಷಿಣ ಆಫ್ರಿಕಾದಲ್ಲಿ ತೆಗೆದ ಫೋಟೊಗಳಲ್ಲಿ ಉದ್ದ ಬಾಲದ ಮಲಕೈಟ್ ಸೂರಕ್ಕಿಯ ಗಂಡನ್ನು ಕ್ಷಣದಲ್ಲಿ ಗುರುತಿಸುತ್ತದೆ.

ತೊಡಕು ಇರುವುದು ಸದರ್ನ್ ಮತ್ತು ಗ್ರೇಟರ್ ಡಬಲ್ ಕಾಲರ್ಡ್ ಸೂರಕ್ಕಿಗಳಲ್ಲಿ. ಎರಡರ ಗಂಡಿಗೂ ಮಿರುಗುವ ಹಸಿರು ತಲೆ, ಎದೆಯ ಮೇಲೆ ತೆಳು ನೀಲಿ ಗೆರೆ, ಅದರ ಕೆಳಗೆ ಕೆಂಪು ಪಟ್ಟಿ, ಬೂದು ಹೊಟ್ಟೆ. ಸದರ್ನ್ ಸುಮಾರು 12 ಸೆಂ.ಮೀ., ಗ್ರೇಟರ್ ಸುಮಾರು 14 ಸೆಂ.ಮೀ. ಉದ್ದವಿದ್ದರೂ ಫೋಟೊದಲ್ಲಿ ಅಳತೆಗೋಲು ಇರುವುದಿಲ್ಲವಾದ್ದರಿಂದ, ಕೆಂಪು ಪಟ್ಟಿಯ ಅಗಲವನ್ನೂ ತಲೆಗೆ ಹೋಲಿಸಿದಾಗ ಕೊಕ್ಕು ಎಷ್ಟು ಉದ್ದವಿದೆ ಎಂಬುದನ್ನೂ ನೋಡಿಯೇ ತೀರ್ಮಾನಿಸಬೇಕು; ಗ್ರೇಟರ್‌ನಲ್ಲಿ ಎರಡೂ ಹೆಚ್ಚು. ಆದರೆ ಪಟ್ಟಿಯ ಅಗಲ ಹಕ್ಕಿಯ ಭಂಗಿಯೊಂದಿಗೆ ಬದಲಾಗುತ್ತದೆ. ಲೋಳೆಸರದ ಹೂವಿಗೆ ಬಾಗಿದ್ದ ಹಕ್ಕಿಯೊಂದನ್ನು ಆ್ಯಪ್ ಸದರ್ನ್ ಎಂದಿತು. ಅದೇ ಹಕ್ಕಿ ನೆಟ್ಟಗೆ ಕುಳಿತ ಮುಂದಿನ ಫೋಟೊವನ್ನು ಅಷ್ಟೇ ಖಚಿತವಾಗಿ ಗ್ರೇಟರ್ ಎಂದಿತು. ಸ್ಥಳವನ್ನು ನಮೂದಿಸಿದರೆ ಬೇರೆ ಕಡೆಯ ಹಕ್ಕಿಗಳು ಆ್ಯಪ್ ಸೂಚಿಸುವ ಹೆಸರುಗಳಿಂದ ಹೊರಗುಳಿಯುತ್ತವೆ, ನಿಜ. ಆದರೆ ಎರಡೂ ವಾಸಿಸುವ, ದಕ್ಷಿಣ ಆಫ್ರಿಕಾದ ನೈಸ್ನಾ ಪಟ್ಟಣದಂಥ ಕಡೆ ಸ್ಥಳದ ಹೆಸರು ಏನನ್ನೂ ನಿರ್ಣಯಿಸಲಾರದು.

ಹೊಟ್ಟೆ ಕಪ್ಪಾಗಿರುವ ಮರಿಕೊ ಮತ್ತು ಪರ್ಪಲ್ ಬ್ಯಾಂಡೆಡ್ ಸೂರಕ್ಕಿಗಳನ್ನು ಅದು ಡಬಲ್ ಕಾಲರ್ಡ್ ಗುಂಪಿಗೆ ಸೇರಿಸದಿರುವುದು ಮೆಚ್ಚತಕ್ಕದ್ದು. ಆದರೆ ಮರಿಕೊ ಯಾವುದು, ಪರ್ಪಲ್ ಬ್ಯಾಂಡೆಡ್ ಯಾವುದು ಎಂದು ಹೇಳುವಾಗ ತಡವರಿಸುತ್ತದೆ. ಈ ಹಕ್ಕಿಗಳ ಮಿರುಗು ಗರಿಯ ಸೂಕ್ಷ್ಮ ರಚನೆಯಿಂದ ಬರುವಂಥದ್ದು. ಬೆಳಕಿನ ಕೋನ ತಪ್ಪಿದರೆ ಹಸಿರೂ ಕಪ್ಪಾಗಿ ಕಾಣುವುದರಿಂದ ಬಣ್ಣಕ್ಕಿಂತ ಕೊಕ್ಕಿಗೆ ಹೆಚ್ಚು ಬೆಲೆ ಕೊಡಬೇಕು. ಮರಿಕೊದ ಕೊಕ್ಕು ಉದ್ದ, ಬಾಗುವಿಕೆಯೂ ಹೆಚ್ಚು.

ಹೆಣ್ಣುಗಳ ವಿಷಯದಲ್ಲಿ ಈ ಆ್ಯಪ್ ನಿರಾಸೆ ಮೂಡಿಸುತ್ತದೆ. ಅಮೆಥಿಸ್ಟ್ ಸೂರಕ್ಕಿಯ ಹೆಣ್ಣಿಗೆ ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬುಗೆರೆಯಿದೆ. ಸ್ಕಾರ್ಲೆಟ್ ಚೆಸ್ಟೆಡ್‌ನ ಹೆಣ್ಣಿಗೆ ಅದಿಲ್ಲ, ಎದೆಯ ಮೇಲೆ ದಟ್ಟವಾದ ಮಚ್ಚೆಗಳಿವೆ. ಹುಬ್ಬುಗೆರೆ ಸ್ಪಷ್ಟವಾಗಿ ಕಾಣುವ ಫೋಟೊಗೂ ಅದು ಸ್ಕಾರ್ಲೆಟ್ ಚೆಸ್ಟೆಡ್ ಎಂದೇ ಉತ್ತರಿಸಿದೆ.

ಹುಡುಕಾಟದ ಮೊದಲ ಹೆಜ್ಜೆಗೆ ಈ ಆ್ಯಪ್ ಸಾಕು. ದಾಖಲೆಗೆ ಹೆಸರು ಬರೆಯಲು ಸಾಲದು. ಒಂದೇ ಹಕ್ಕಿಯ ಹಲವು ಫೋಟೊಗಳನ್ನು ಒಟ್ಟಿಗೆ ಪರಿಶೀಲಿಸಿ, ಯಾವ ಗುರುತಿನ ಆಧಾರದ ಮೇಲೆ ಹೆಸರಿಸಿದೆ ಎಂಬುದನ್ನು ತೋರಿಸುವ ಸೌಲಭ್ಯ ಬರುವವರೆಗೆ ನಾನು ಐದರಲ್ಲಿ ಮೂರು ಅಂಕವನ್ನಷ್ಟೇ ಕೊಡುತ್ತೇನೆ.