290ರಿಂದ ಓದೋದಾ, 2ಡಿಯಿಂದ ಓದೋದಾ?

ವಿಜಯಪುರದಲ್ಲಿ ಏಪ್ರಿಲ್ ಬಂತು ಅಂದ್ರೆ ಸಾಕು, ನಮ್ಮ ಝೆರಾಕ್ಸ್ ಅಂಗಡಿಯ ಹಳೇ ಪಿಸಿ ಮಧ್ಯಾಹ್ನ ತಾನಾಗೇ ಆಫ್ ಆಗುತ್ತದೆ. ಒಳಗೆ ಬಿಸಿ ಎಷ್ಟಿದೆ ನೋಡೋಣ ಅಂತ ಲಿನಕ್ಸ್ ಹಾಕಿದೆ. ಬೋರ್ಡಿನಲ್ಲಿ ಬಿಸಿ, ಫ್ಯಾನಿನ ವೇಗ ಅಳೆಯೋದು ವಿನ್‌ಬಾಂಡ್ ಡಬ್ಲ್ಯೂ83627ಎಚ್‌ಎಫ್ ಚಿಪ್. ಇದನ್ನು ಐಎಸ್‌ಎ ಪೋರ್ಟಿನಿಂದಲೂ (ಪ್ರೊಸೆಸರ್ ನೇರವಾಗಿ ಓದುವ ದಾರಿ, ಸಾಮಾನ್ಯವಾಗಿ 290ರಿಂದ ಶುರು) ಓದಬಹುದು, ಎಸ್‌ಎಂಬಸ್‌ನಿಂದಲೂ (ಬೋರ್ಡಿನ ಸಣ್ಣ ಚಿಪ್‌ಗಳು ಹಂಚಿಕೊಳ್ಳುವ ನಿಧಾನದ ತಂತಿ, ಇಲ್ಲಿ ವಿಳಾಸ 2ಡಿ) ಓದಬಹುದು. ಎರಡನ್ನೂ ಒಂದೊಂದು ವಾರ ನೋಡಿದೆ. ವಿಳಾಸ, ರಿಜಿಸ್ಟರ್ ನಂಬರ್‌ಗಳೆಲ್ಲ ಹೆಕ್ಸ್ ಲೆಕ್ಕದವು, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕ.

ಮೊದಲು ಎಸ್‌ಎಂಬಸ್. ಹುಡುಕಿದರೆ 2ಡಿಯಲ್ಲಿ ಒಂದು, 48ರಲ್ಲಿ ಒಂದು, 49ರಲ್ಲಿ ಇನ್ನೊಂದು. ಮೂರು ಚಿಪ್ ಇವೆ ಅಂತ ಖುಷಿಪಟ್ಟೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ಇದೂ ಅದೇ ಕಥೆ! ಚಿಪ್ ಒಂದೇ, ಎರಡನೇ ಮತ್ತು ಮೂರನೇ ತಾಪಮಾನವನ್ನು ಎಲ್‌ಎಂ75 ಅನ್ನೋ ಪುಟ್ಟ ತಾಪಮಾನದ ಚಿಪ್ ಥರ ಬೇರೆ ವಿಳಾಸದಲ್ಲಿ ತೋರಿಸುತ್ತದೆ ಅಷ್ಟೇ. ಒಂದು ಬೈಟ್ ಓದಲು 100 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡ್ ಬೇಕು. ಅದೇನೂ ತೊಂದರೆ ಅಲ್ಲ. ಆದ್ರೆ ಅದೇ ತಂತಿಯ ಮೇಲೆ 50ರಿಂದ 57ರವರೆಗೆ ರ‍್ಯಾಮ್‌ನ ಮಾಹಿತಿ ಇಟ್ಟ ಈಪ್ರಾಮ್‌ಗಳೂ (ಕರೆಂಟ್ ಹೋದರೂ ಮರೆಯದ ಮೆಮೊರಿ ಚಿಪ್‌ಗಳು) ಕೂತಿರುತ್ತವೆ. ಸುಮ್ನೆ ಎಲ್ಲ ವಿಳಾಸವನ್ನೂ ತಟ್ಟಿ ನೋಡೋದು ನನಗೆ ಸೇರಲಿಲ್ಲ, ಹಿಂದೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಹುಡುಕಲು ಹೋಗಿ ಈಪ್ರಾಮ್ ಕೆಟ್ಟದ್ದೂ ಉಂಟು.

ಐಎಸ್‌ಎ ಕಡೆ ಕೆಲಸ ನೇರ. 290ಕ್ಕೆ 5 ಕೂಡಿಸಿದ 295ಕ್ಕೆ ರಿಜಿಸ್ಟರ್ (ಚಿಪ್ಪಿನೊಳಗಿನ ಖಾನೆ) ನಂಬರ್ ಬರೆಯೋದು, 296ರಿಂದ ಉತ್ತರ ಓದೋದು. ತಾಪಮಾನದ 27 ಬರೆದೆ, ಹೆಕ್ಸ್ 34 ಬಂತು, ಅಂದ್ರೆ ನಮ್ಮ ಲೆಕ್ಕದಲ್ಲಿ 52 ಡಿಗ್ರಿ. ಆದ್ರೆ 290 ಅಂತ ಊಹಿಸಿಕೊಂಡು ಹೋಗಬೇಡಿ. 2ಇ ಪೋರ್ಟಿಗೆ ಎರಡು ಸಲ 87 ಬರೆದು ಬಾಗಿಲು ತೆಗೆಸಿ, ಚಿಪ್ಪಿನೊಳಗಿನ 0ಬಿ ಸಾಧನವನ್ನು (ಬಿಸಿ, ಫ್ಯಾನು ಅಳೆಯುವ ಭಾಗ) ಆರಿಸಿ, 60 ಮತ್ತು 61ನೇ ರಿಜಿಸ್ಟರ್ ಓದಿದರೆ ಚಿಪ್ಪೇ ತನ್ನ ವಿಳಾಸ ಹೇಳುತ್ತದೆ.

ಇದರಲ್ಲೂ ಒಂದು ಎಡವಟ್ಟು ಮಾಡಿಕೊಂಡೆ. ಡ್ರೈವರ್ (ಚಿಪ್ ಓದುವ ಲಿನಕ್ಸ್ ಪ್ರೋಗ್ರಾಂ) ಓಡುತ್ತಿರುವಾಗಲೇ ಕೈಯಿಂದಲೂ ಓದಲು ಹೋದೆ, 135 ಡಿಗ್ರಿ ತೋರಿಸಿತು! ಎದೆ ಧಸಕ್ ಅಂತು. ನಾನು 295ಕ್ಕೆ 27 ಬರೆದು 296 ಓದುವಷ್ಟರಲ್ಲಿ ಡ್ರೈವರ್ ಅಲ್ಲಿ 28 ಬರೆದಿರಬೇಕು, ನನಗೆ ಸಿಕ್ಕಿದ್ದು ಫ್ಯಾನಿನ ಎಣಿಕೆ. ಫ್ಯಾನಿನ ಎಣಿಕೆಯನ್ನು ಭಾಗಿಸುವ ಡಿವೈಡರ್ 2 ಇದ್ದರೆ 135 ಅಂದ್ರೆ ನಿಮಿಷಕ್ಕೆ 5000 ಸುತ್ತು, ಲೆಕ್ಕ ಸರಿ ಹೋಯಿತು. ಪೋರ್ಟನ್ನು ಎಸಿಪಿಐ (ಬಯೋಸ್ ಕಡೆಯ ಪವರ್, ಬಿಸಿ ನಿರ್ವಹಣೆ) ತನ್ನದು ಅಂದಾಗ ಈಗಿನ ಲಿನಕ್ಸ್ ಕರ್ನಲ್ ಡ್ರೈವರನ್ನು ಒಳಗೆ ಬಿಡದಿರೋದೂ ಇಂಥದ್ದಕ್ಕೇ.

ಅಂಗಡಿಯ ಪಿಸಿಗೆ ಐಎಸ್‌ಎಯನ್ನೇ ಉಳಿಸಿಕೊಂಡಿದ್ದೇನೆ, ಅದೂ ಡ್ರೈವರ್ ಒಬ್ಬನಿಗೇ ಬಿಟ್ಟು. ಪೋರ್ಟೇ ಇಲ್ಲದ ಎಲ್‌ಎಂ75ನಂಥ ಚಿಪ್ಪಿಗೆ ಎಸ್‌ಎಂಬಸ್ ಬಿಟ್ಟರೆ ದಾರಿಯಿಲ್ಲ. ಇನ್ನು ಬಿಸಿಯ ಕಾರಣ, ಹೀಟ್‌ಸಿಂಕ್ ಬಿಚ್ಚಿದರೆ ರೆಕ್ಕೆಗಳ ಸಂದಿನಲ್ಲೆಲ್ಲ ಟೋನರ್ ಪುಡಿ ಮತ್ತು ಧೂಳು ಸೇರಿ ಕಂಬಳಿಯಂತೆ ಕೂತಿತ್ತು.